ಬಿಳಿ ಬಟ್ಟೆ ಕಟ್ಟಿದ ಭರಣಿ

ಮಂದಾಕಿನಿ ತೀರಿಕೊಂಡ ಮೂರನೆಯ ದಿನ ಅವಳ ಅಸ್ಥಿಯನ್ನು ಒಂದು ಸಣ್ಣ ಮಣ್ಣಿನ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಹಿತ್ತಲಿನ ಪೇರಲ ಗಿಡಕ್ಕೆ ತೂಗುಹಾಕಿದ್ದರು. ಅಸ್ಥಿಯನ್ನು ಮನೆಯೊಳಗೆ ತರುವ ಪದ್ಧತಿ ಇಲ್ಲ. ಮರುದಿನ ಅದನ್ನು ಹೊಳೆಗೆ ಒಯ್ಯುವುದಿತ್ತು. ಮಧ್ಯಾಹ್ನ ಬಂದವರೆಲ್ಲ ಪಡಸಾಲೆಯಲ್ಲಿ ಕುಳಿತಿರುವಾಗ ಅವಳ ಗಂಡ ವೆಂಕಣ್ಣನವರು ಎದ್ದು ಹಿತ್ತಲಿಗೆ ಹೋದರು. ಗಿಡದ ಕೆಳಗೆ ನಿಂತು, ಗಡಿಗೆಯನ್ನು ಮುಟ್ಟದೆ, ಕಿವಿ ಹಚ್ಚುವಷ್ಟು ಹತ್ತಿರ ತಲೆ ಬಾಗಿಸಿ ಬಹಳ ಹೊತ್ತು ಹಾಗೆಯೇ ನಿಂತರು. ನೋಡಿದವರು ದುಃಖಕ್ಕೆ ತಲೆ ಕೆಟ್ಟಿತೆಂದು ಪಿಸುಗುಟ್ಟಿದರು. ಪಕ್ಕದ ಮನೆಯ ತಾರಾಬಾಯಿಗೂ ಮೈದುನ ಪಂಢರಿನಾಥನಿಗೂ ಮಾತ್ರ ಅದರ ಕಾರಣ ಗೊತ್ತಿತ್ತು.

ಆ ಕಾರಣವನ್ನು ಮಂದಾಕಿನಿಯೇ ಎಷ್ಟೋ ಸಲ ನಗುನಗುತ್ತ ಹೇಳಿದ್ದಳು. ಹೇಳುವಾಗ ಪ್ರತಿ ಸಲವೂ ಒಂದು ಕಡೆಗೆ ಬಂದಾಗ ಅವಳ ನಗು ನಿಲ್ಲುತ್ತಿತ್ತು. ಇನ್ನು ಅವಳು ಹೇಳುವುದಿಲ್ಲ. ಆದ್ದರಿಂದ ಬರೆದಿಡಬೇಕಾಗಿದೆ.

ಅವಳು ಧಾರವಾಡದ ಹುಡುಗಿ. ಹದಿನಾಲ್ಕನೆಯ ವರ್ಷಕ್ಕೆ ಹುಬ್ಬಳ್ಳಿಯ ಕಿಲ್ಲೆಯ ಆ ಮನೆಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಅತ್ತೆ ಇರಲಿಲ್ಲ; ಅತ್ತೆ ಬಿಟ್ಟುಹೋದ ನಾಲ್ಕು ವರ್ಷದ ಪಂಢರಿನಾಥ ಇದ್ದ. ಬಂದ ದಿನವೇ ಅವನು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದ. ಮುಂದೆ ಅವಳಿಗೆ ಮಕ್ಕಳಾಗಲಿಲ್ಲ. ಪಂಡು ಅವಳನ್ನು ವೈನಿ, ಎಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ. ಆದರೆ ಅವನು ಯಾರ ತಲೆ ಒಡೆದರೂ, ಯಾರ ಗಾಳಿಪಟ ಹರಿದರೂ ತಕರಾರು ಬರುತ್ತಿದ್ದುದು ಅವಳ ಹತ್ತಿರವೇ, ಅಣ್ಣನ ಹತ್ತಿರ ಅಲ್ಲ.

ಸಂಶಯ ಅವಳ ಹುಟ್ಟುಗುಣ. ಬದನೆಕಾಯಿ ಕೊಳ್ಳುವಾಗ ತೊಟ್ಟು ಎತ್ತಿ ನೋಡುವಳು. ಹಾಲಿನವನ ಮುಖ ನೋಡಿ ಅಂದು ನೀರೆಷ್ಟು ಬಿದ್ದಿದೆಯೆಂದು ಹೇಳುವಳು. ತಾರಾಬಾಯಿ ಪತ್ರಿಕೆ ಓದಿ ಹೇಳಿದರೆ, ಬರೆದವನು ಅಲ್ಲಿ ಇದ್ದನೇನು ಎಂದು ಕೇಳುವಳು. ಗಂಡನ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯೇ ಇರಲಿಲ್ಲ, ಏಕೆಂದರೆ ವೆಂಕಣ್ಣನವರಿಗೆ ಏನನ್ನೂ ಮುಚ್ಚಿಡಲು ಬರುತ್ತಿರಲಿಲ್ಲ.

ಅವರು ರೇಲ್ವೆ ವರ್ಕ್‌ಶಾಪಿನ ಸ್ಟೋರ್ಸ್ ಕಚೇರಿಯಲ್ಲಿ ಕಾರಕೂನರು. ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರ ಮಳೆಗಾಲದಲ್ಲಿ ಸಾಹೇಬನ ಸಂಗಡ ತಪಾಸಣೆಗೆಂದು ಕ್ಯಾಸಲ್‌ರಾಕಿಗೆ ಹೋದಾಗ, ಅಲ್ಲಿಯ ಕೆಟ್ಟ ನೀರು ಕುಡಿಯಬೇಡವೆಂದು ಸಾಹೇಬ ಒಂದು ಶೀಶೆ ಬೀರು ಕೊಟ್ಟ. ನೆಲಬೇವಿನ ಕಷಾಯದಂತೆ ಕಹಿ ಇತ್ತು, ಮೂಗಿಗೆಲ್ಲ ನೊರೆ ಮೆತ್ತಿತು, ಮತ್ತು ಅವರಿಗೆ ಅದು ಬಹಳ ಸೇರಿತು. ಊರಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿಬಿಟ್ಟರು. ಮಂದಾಕಿನಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕರಾರು ಹಾಕಿದಳು. ಶನಿವಾರಕ್ಕೆ ಒಂದೇ ಶೀಶೆ, ಅದೂ ಸ್ಟೇಶನ್ನಿನಲ್ಲಿಯೇ. ಹಿತ್ತಲ ಬಾಗಿಲಿನಿಂದ ಬಂದು, ಬಾವಿಯ ಹತ್ತಿರ ತಲೆಯ ಮೇಲೆ ನೀರು ಸುರುವಿಕೊಂಡು ಒಳಗೆ ಬರಬೇಕು. ಹೊಸ್ತಿಲೊಳಗೆ ಅದು ಎಂದಿಗೂ ಬರಕೂಡದು. ಹದಿಮೂರು ವರ್ಷ ಆ ಕರಾರು ಮುರಿಯಲಿಲ್ಲ. ಎಷ್ಟು ನೀರು ಹಾಕಿಕೊಂಡರೂ ಶನಿವಾರದ ಹುಳಿಗಹಿ ವಾಸನೆ ಅವರ ಉಸಿರಿನಲ್ಲಿ ಉಳಿಯುತ್ತಿತ್ತು. ಆ ವಾಸನೆಗೆ ಅವಳು ಹೊಂದಿಕೊಂಡಳು.

ಹೊಂದಿಕೊಳ್ಳದವನು ಪಂಢರಿನಾಥ. ಧಾರವಾಡದ ಕಾಲೇಜಿಗೆ ಹೋಗತೊಡಗಿದ್ದೇ ಖಾದಿ ತೊಟ್ಟ, ಸೆರೆ ಮಾರುವ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡಲು ನಿಂತ. ತನ್ನ ಅಣ್ಣನೇ ಸಾಹೇಬರ ಸಾಲಿನಲ್ಲಿ ಕುಳಿತು ಬೀರು ಕುಡಿಯುತ್ತಾನೆಂಬುದು ಅವನಿಗೆ ದೊಡ್ಡ ಅವಮಾನ. ಶನಿವಾರ ಸಂಜೆ ಅವನು ಅಣ್ಣನ ಎದುರು ಬೀಳುತ್ತಿರಲಿಲ್ಲ.

ನಲವತ್ತೆರಡರ ಆಗಸ್ಟಿನಲ್ಲಿ ಚಳವಳಿ ಎದ್ದಿತು. ಒಂದು ಬೆಳಿಗ್ಗೆ ಪಂಢರಿನಾಥ ಬಿಸಿ ಅನ್ನಕ್ಕೆ ಮೆಂತೆಹಿಟ್ಟು ಕಲಸಿಕೊಂಡು, ಉಪ್ಪು ಕಡಿಮೆಯಾಗಿದೆಯೆಂದು ವೈನಿಯನ್ನು ಕಾಡಿಸುತ್ತ ಉಂಡು ಎದ್ದು ಹೋದವನು ತಿರುಗಿ ಬರಲಿಲ್ಲ. ತಂತಿ ಕತ್ತರಿಸಿದವರ ಗುಂಪಿನಲ್ಲಿ ಅವನಿದ್ದನೆಂದು ವಾರಂಟು ಹೊರಟಿತು. ಓಣಿಯ ತುದಿಯ ಚಹಾದಂಗಡಿಯಲ್ಲಿ ದುರಗಪ್ಪನೆಂಬ ಪೋಲೀಸ ಸಾದಾ ಬಟ್ಟೆಯಲ್ಲಿ ಬಂದು ಕುಳಿತುಕೊಳ್ಳತೊಡಗಿದ. ಅವನು ಪೋಲೀಸನೆಂಬುದು ಎಲ್ಲರಿಗೂ ಗೊತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಚಹಾ ಕುಡಿಯುವ ಪುರುಸೊತ್ತು ಆ ಓಣಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಪಂಡುವಿನ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ವೆಂಕಣ್ಣನವರು ಹೇಳಿದರು. ಯಾರು ಕೇಳಿಸಿಕೊಳ್ಳುತ್ತಾರೋ, ಯಾರು ಎಲ್ಲಿ ಹೇಳುತ್ತಾರೋ. ಹೆಂಡತಿ ಒಪ್ಪಿದಳು. ಅಂದಿನಿಂದ ಆ ಮನೆಯಲ್ಲಿ ಉಪ್ಪು, ಕಟ್ಟಿಗೆ, ಚಳಿ ಇವುಗಳ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಶನಿವಾರದ ಸ್ನಾನವೂ ನಿಂತಿತು. ಕೇಳಿದರೆ, ಬೀರೆಲ್ಲ ದಂಡಿನವರಿಗೆ ಹೋಗುತ್ತದೆ, ನಮಗೆಲ್ಲಿಯದು ಎಂದರು. ಅದು ಪೂರ್ತಿ ಉತ್ತರವಲ್ಲವೆಂದು ಅವಳಿಗೆ ಅನಿಸಿತು. ಮೊದಲನೆಯ ಸಲ ಗಂಡನ ಮಾತನ್ನು ಅವಳು ತೊಟ್ಟು ಎತ್ತಿ ನೋಡಿದಳು.

ಕಾರ್ತಿಕ ಮುಗಿಯುತ್ತ ಬಂದ ಒಂದು ಬುಧವಾರ ಉಣಕಲ್ಲಿನಿಂದ ಮೊಸರು ತರುವ ಶಿವಬಸವ್ವ ಗಡಿಗೆ ಇಳಿಸಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು. ಉಣಕಲ್ ದಾಟಿ ಹಳಿಯ ಮಗ್ಗುಲಲ್ಲಿ ಒಬ್ಬ ಹುಡುಗನ ಹೆಣ ಬಿದ್ದಿತ್ತಂತೆ. ಖಾದಿ ಅಂಗಿಯಂತೆ. ಯಾರೂ ಗುರುತು ಹಿಡಿಯಲಿಲ್ಲವಂತೆ. ನೀನು ನೋಡಿದೆಯಾ ಎಂದು ಮಂದಾಕಿನಿ ಕೇಳಿದಳು. ಶಿವಬಸವ್ವ ನೋಡಿರಲಿಲ್ಲ, ಅವಳ ಮೈದುನನ ಮಗ ಹೇಳಿದ್ದ. ಅವನು ನೋಡಿದ್ದನೇ? ಅವನಿಗೂ ಯಾರೋ ಹೇಳಿದ್ದರು. ಹಾಗಾದರೆ ಸುಳ್ಳು ಎಂದು ಮಂದಾಕಿನಿ ಮೊಸರು ಅಳೆಸಿಕೊಂಡು ಒಳಗೆ ಬಂದಳು. ಒಳಗೆ ಬಂದ ಮೇಲೆ ಪಾತ್ರೆಯನ್ನು ಎಲ್ಲಿ ಇಡಬೇಕೆಂಬುದು ಅವಳಿಗೆ ತಿಳಿಯಲಿಲ್ಲ.

ಅಂದು ಸಂಜೆ ವೆಂಕಣ್ಣನವರು ಎರಡು ತಾಸು ತಡವಾಗಿ ಬಂದರು. ಕಾಲಿಗೆ ಕೆಸರು ಹತ್ತಿತ್ತು. ಹಿತ್ತಲ ಬಾಗಿಲಿನಿಂದ ಬಂದು ನೆಟ್ಟಗೆ ಬಾವಿಗೆ ಹೋಗಿ ತಣ್ಣೀರು ಸುರುವಿಕೊಂಡರು. ಶನಿವಾರವಲ್ಲ, ಉಸಿರಿನಲ್ಲಿ ವಾಸನೆಯಿಲ್ಲ. ಬುಧವಾರ ಸಂಜೆ, ಆ ಚಳಿಯಲ್ಲಿ, ತಲೆಯ ಮೇಲೆ ನೀರು ಹಾಕಿಕೊಳ್ಳಬೇಕಾದದ್ದು ಯಾವುದಕ್ಕೆ? ಸುಡುಗಾಡಿನಿಂದ ಬಂದವರು ಹಾಗೆ ಮೀಯುತ್ತಾರೆ. ಅವಳು ಕೇಳಲಿಲ್ಲ. ಅವರು ಅರ್ಧ ಊಟಕ್ಕೇ ಎದ್ದರು.

ಮರುದಿನ ಅವರು ರಜೆ ಹಾಕಿದರು. ಮದುವೆಯಾದ ಮೇಲೆ ಅವರು ರಜೆ ಹಾಕಿದ್ದನ್ನು ಅವಳು ಬೆರಳಲ್ಲಿ ಎಣಿಸಬಹುದಿತ್ತು. ಬೆಳಿಗ್ಗೆ ಮಿಂದು, ಒದ್ದೆ ಪಂಚೆ ಉಟ್ಟು, ದೊಡ್ಡ ತಾಮ್ರದ ಪಾತ್ರೆ ತೆಗೆದುಕೊಂಡು ಹಿತ್ತಲಿನ ಬಚ್ಚಲ ಮನೆಗೆ ಹೋಗಿ ಅಗಳಿ ಹಾಕಿಕೊಂಡರು. ಅರ್ಧ ದಿನ ಅಲ್ಲಿಂದ ಹೊಗೆ ಎದ್ದಿತು. ಯಾರೂ ಆ ಕಡೆ ಬರಬೇಡಿ, ಮಡಿಯಲ್ಲಿದ್ದೇನೆ ಎಂದು ಒಳಗಿನಿಂದಲೇ ಕೂಗಿದರು. ಒದ್ದೆ ಪಂಚೆ ಉಟ್ಟು, ಒಬ್ಬರೇ, ಮನೆಯ ಹೊರಗೆ, ಬಾಯಿ ಮುಚ್ಚಿಕೊಂಡು ಏನನ್ನೋ ಬೇಯಿಸುವ ಕೆಲಸ ಮಂದಾಕಿನಿಗೆ ಗೊತ್ತಿದ್ದುದು ಒಂದೇ. ಮಾವ ತೀರಿಕೊಂಡಾಗ ಅವರು ಹಾಗೆಯೇ ಪಿಂಡದ ಅನ್ನ ಬೇಯಿಸಿದ್ದರು.

ಅಂದು ಇಳಿಹೊತ್ತಿಗೆ ಹಿತ್ತಲ ಬಾಗಿಲಿಗೆ ಕಾಸಿಮಸಾಬ ಬಂದ. ಅವನು ಸ್ಟೇಶನ್ನಿನ ಹತ್ತಿರ ಪಾವು ರೊಟ್ಟಿ ಸುಡುವವನು. ಹಿಂದೆ ಬುಟ್ಟಿ ಕಟ್ಟಿದ ಸೈಕಲ್ಲಿನ ಮೇಲೆ ಸುತ್ತಲಿನ ಹಳ್ಳಿಗಳನ್ನೆಲ್ಲ ತಿರುಗಿ ತಿರುಗಿ ಮಾರುತ್ತಿದ್ದ. ಆ ಮನೆಯಲ್ಲಿ ಪಾವು ತಿನ್ನುವವರು ಯಾರೂ ಇರಲಿಲ್ಲ. ಅಡಿಗೆ ಮನೆಯ ಕಿಟಕಿಯಿಂದ ಅವಳು ನೋಡಿದಳು. ಬಟ್ಟೆ ಮುಚ್ಚಿದ ಒಂದು ಸಣ್ಣ ತಂಬಿಗೆಯನ್ನು ಅವನು ಕೊಟ್ಟ, ಗಂಡ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಅವನು ಏನೋ ಹೇಳಹೊರಟ, ಇವರು ತುಟಿಯ ಮೇಲೆ ಬೆರಳಿಟ್ಟರು. ಅವಳು ಕಿಟಕಿಯಿಂದ ಹಿಂದೆ ಸರಿದಳು.

ಆಮೇಲೆ ಒಂದೊಂದಾಗಿ ಬಂದವು. ವೆಂಕಣ್ಣನವರು ದೇವರ ಪೂಜೆ ಬಿಟ್ಟರು; ಸೊಂಟ ಹಿಡಿದಿದೆಯೆಂದು ಮಠದ ಆಚಾರ್ಯರೊಬ್ಬರನ್ನು ಬರಹೇಳಿದರು. ಪೂಜೆ ಇಲ್ಲದ್ದರಿಂದ ಹಣೆಯ ಮೇಲೆ ಅಂಗಾರ ಅಕ್ಷತೆ ಇಲ್ಲ. ಸೂತಕದವರಂತೆ ಬರಿಹಣೆಯಲ್ಲಿ ಕಚೇರಿಗೆ ಹೋದರು. ಸೊಂಟ ಹಿಡಿದವರು ಬೆಳಿಗ್ಗೆ ಸಂಜೆ ಹಿತ್ತಲಿನ ಕಟ್ಟಿಗೆ ಕೋಣೆಗೆ ಹೋಗಿ, ಏಣಿ ಹತ್ತಿ ಅಟ್ಟಕ್ಕೆ ಏರಿ ಇಳಿಯುತ್ತಿದ್ದರು. ಆ ಕೋಣೆಯ ಬಾಗಿಲ ಹಿಂದೆ ಸುಣ್ಣದ ಕಡ್ಡಿಯಿಂದ ದಿನಕ್ಕೊಂದು ಗೆರೆ ಬೀಳತೊಡಗಿತು. ಹತ್ತು ದಿನ ಎಣಿಸುವುದು ಯಾವುದಕ್ಕೆಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಶನಿವಾರ ಬೆಲ್ಲಕ್ಕೆಂದು ಪೇಟೆಗೆ ಹೋದಾಗ ಕಾಳಿನ ಅಂಗಡಿಯ ಮುರುಗೆಪ್ಪ ಕುಶಾಲಿಗೆ ಕೇಳಿದ.

“ಏನ ಬಾಯಾರ, ಈ ಸಲಾ ಕಾರ್ಯಾ ದೊಡ್ಡದ ಇಟ್ಕೊಂಡೀರಿ? ರಾಯರು ಎರಡ ಸೇರ ಜವಿಗೋಧಿ ಒಯ್ದಾರ.”

ಜವೆಗೋಧಿ ಆ ಮನೆಗೆ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ, ಅತ್ತೆ ಮಾವಂದಿರ ಶ್ರಾದ್ಧಕ್ಕೆ, ಅದೂ ಒಂದು ಮುಷ್ಟಿ. ಯಾವಾಗ ಒಯ್ದರು ಎಂದು ಮಂದಾಕಿನಿ ಕೇಳಿದಳು.

“ದೀಪಾವಳಿ ಮುಗದ ಮ್ಯಾಲ. ಸಂಗಾಟ ಒಂದ ಕಟ್ಟ ನೆಲಬೇವು. ಯಾರಿಗೆ ಜ್ವರಾ ಬಂದೈತ್ರಿ ಅಂದೆ, ಹೂಂ ಅಂದ್ರು. ಯಾರದ ತಿಥಿ ಐತ್ರಿ ಅಂದೆ, ಅದಕ್ಕೂ ಹೂಂ ಅಂದ್ರು. ನಿಮ್ಮ ರಾಯರು ಭಾಳ ಮಾತಾಡಾಕತ್ತಾರ ಬಿಡ್ರಿ ಇತ್ತಿತ್ತಲಾಗ.”

ಅವಳು ಬೆಲ್ಲ ಅಲ್ಲಿಯೇ ಬಿಟ್ಟು ಮನೆಗೆ ಬಂದಳು. ಮೊದಲು ಜ್ವರ, ಆಮೇಲೆ ತಿಥಿ. ಎಲ್ಲೋ ಒಂದು ಹಳ್ಳಿಯ ಕತ್ತಲ ಕೋಣೆಯಲ್ಲಿ ಪಂಡುವಿಗೆ ಜ್ವರ ಬಂದಿದೆ, ಅಣ್ಣ ಔಷಧ ಕಳಿಸಿದ್ದಾನೆ, ಉಪಯೋಗವಾಗಿಲ್ಲ. ಸತ್ತವನ ಗುರುತು ಹೇಳಿದರೆ ಪೋಲೀಸರು ಅವನಿಗೆ ಆಸರೆ ಕೊಟ್ಟವರನ್ನು ಹಿಡಿಯುತ್ತಾರೆ, ಅಣ್ಣನ ನೌಕರಿ ಹೋಗುತ್ತದೆ. ಆದ್ದರಿಂದ ಎಲ್ಲ ಕದ್ದುಮುಚ್ಚಿ ನಡೆದಿದೆ, ಅವಳಿಗೂ ಮುಚ್ಚಿ. ಪ್ರತಿಯೊಂದೂ ತನ್ನ ತನ್ನ ಜಾಗದಲ್ಲಿ ಹೋಗಿ ಕುಳಿತಿತು.

ಕೇಳಿಬಿಡಬಹುದಿತ್ತು. ಕೇಳಿದರೆ ಅವರು ಹೂಂ ಎನ್ನುತ್ತಿದ್ದರು.

ಕಾಸಿಮಸಾಬ ಮತ್ತೆ ಮೂರು ಸಲ ಬಂದ, ಮೂರೂ ಸಲ ಗಂಡ ಕಚೇರಿಗೆ ಹೋದ ಮೇಲೆ. ಬಾಗಿಲು ಬಡಿದು, ಬಾಯಾರ, ಬಾಯಾರ ಎಂದು ಸಣ್ಣಗೆ ಕರೆದ. ಅವಳು ಅಡಿಗೆ ಮನೆಯ ಅಗಳಿ ಹಾಕಿಕೊಂಡು, ಒಲೆಯ ಮುಂದೆ ಉಸಿರು ಹಿಡಿದು ಕುಳಿತಳು. ಬಾಗಿಲು ತೆರೆಯದಿದ್ದರೆ ಆ ಮಾತು ಒಳಗೆ ಬರಲಾರದೆಂದು ಅವಳಿಗೆ ಅನಿಸಿತ್ತು.

ಆ ದಿನಗಳಲ್ಲಿ ಅವಳನ್ನು ಹೆಚ್ಚು ಕಾಡಿದ್ದು ದೀಪ. ಪಂಡು ಸತ್ತಿದ್ದರೆ ಅವಳಿಗೂ ಹತ್ತು ದಿನ ಸೂತಕ, ದೇವರ ದೀಪ ಮುಟ್ಟುವಂತಿಲ್ಲ. ಬದುಕಿದ್ದರೆ, ಬದುಕಿದ್ದವನಿಗೆ ಸೂತಕ ಹಿಡಿದಂತಾಗುತ್ತದೆ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕೊನೆಗೆ ಸಂಜೆಯಾಗುತ್ತಲೇ ಪಕ್ಕದ ತಾರಾಬಾಯಿಯನ್ನು ಕರೆದು, ಕೈಗೆ ಸುಟ್ಟಿದೆ, ಸ್ವಲ್ಪ ದೀಪ ಹಚ್ಚು ಎನ್ನುತ್ತಿದ್ದಳು. ಕೈ ಸುಟ್ಟಿರಲಿಲ್ಲ, ಅದು ತಾರಾಬಾಯಿಗೆ ಕಾಣುತ್ತಿತ್ತು. ಅವಳು ದೀಪ ಹಚ್ಚಿ ಹೋಗುತ್ತಿದ್ದಳು, ಏಕೆಂದು ಕೇಳಲಿಲ್ಲ. ಕೇಳಬೇಕಾಗಿತ್ತು.

ಹತ್ತನೆಯ ದಿನ ಬಂತು. ಬಾಗಿಲ ಹಿಂದೆ ಒಂಬತ್ತು ಗೆರೆ ಬಿದ್ದಿದ್ದವು. ಗಂಡ ಕಚೇರಿಗೆ ಹೋದ ಮೇಲೆ ಮಂದಾಕಿನಿ ಮಿಂದಳು, ಕಟ್ಟಿಗೆ ಕೋಣೆಗೆ ಹೋದಳು, ಏಣಿ ಹತ್ತಿದಳು. ಅಟ್ಟದ ಮೇಲೆ ಕತ್ತಲೆ. ಹಂಚಿನ ಸಂದಿನಿಂದ ಬಿದ್ದ ಬೆಳಕಿನಲ್ಲಿ ಒಂದು ಮೂಲೆ ಕಾಣಿಸಿತು. ಅಲ್ಲಿ ಹುಲ್ಲು ಹಾಸಿ, ಸುತ್ತ ಗೋಣಿತಟ್ಟು ಸುತ್ತಿ, ನಡುವೆ ಏನನ್ನೋ ಜೋಪಾನವಾಗಿ ಇಟ್ಟಿತ್ತು. ಕಾಣುತ್ತಿದ್ದುದು ದುಂಡಗಿನ ಬಾಯಿ ಮಾತ್ರ. ಅದಕ್ಕೆ ಬಿಳಿ ಬಟ್ಟೆ ಕಟ್ಟಿತ್ತು.

ಮನೆಯೊಳಗೆ ತರಬಾರದೆಂದು ಇಲ್ಲಿ ಇಟ್ಟಿದ್ದಾರೆ. ಗಿಡಕ್ಕೆ ತೂಗುಹಾಕಿದರೆ ಜನ ನೋಡುತ್ತಾರೆಂದು ಇಲ್ಲಿ ಇಟ್ಟಿದ್ದಾರೆ. ಅವಳು ಏಣಿಯ ಮೇಲಿನ ಮೆಟ್ಟಿಲಲ್ಲಿಯೇ ಕುಳಿತಳು. ಬಹಳ ಹೊತ್ತಿನ ಮೇಲೆ, ಮೂರು ತಿಂಗಳಿಂದ ಎತ್ತದಿದ್ದ ಹೆಸರನ್ನು ಎತ್ತಿ ಕರೆದಳು.

“ಪಂಡೂ.”

ಬಟ್ಟೆಯ ಕೆಳಗಿನಿಂದ ಗುಳುಕ್ ಎಂದು ಸಪ್ಪಳ ಬಂತು.

ಕಥೆ ಹೇಳುವಾಗ ಅವಳ ನಗು ನಿಲ್ಲುತ್ತಿದ್ದುದು ಇಲ್ಲಿ. ಆ ಕ್ಷಣ ತನಗೆ ಹೆದರಿಕೆಯಾಗಲಿಲ್ಲ, ಅದೇ ತನಗೆ ಆಶ್ಚರ್ಯ ಎನ್ನುತ್ತಿದ್ದಳು. ಅವಳು ತೆವಳಿಕೊಂಡು ಹತ್ತಿರ ಹೋಗಿ ಬಟ್ಟೆಗೆ ಕಿವಿ ಹಚ್ಚಿದಳು. ಒಳಗೆ ಸಣ್ಣಗೆ ಸರ್ ಸರ್ ಎನ್ನುತ್ತಿತ್ತು, ಮಲಗಿದ ಮಗು ಉಸಿರಾಡಿದಂತೆ, ನಡುನಡುವೆ ಗುಳುಕ್. ಅವಳು ಎಷ್ಟು ಹೊತ್ತು ಹಾಗೆ ಕೇಳುತ್ತ ಇದ್ದಳೋ ಅವಳಿಗೇ ಗೊತ್ತಿರಲಿಲ್ಲ. ಕಿವಿಗಿಂತ ಮೂಗಿಗೆ ತಡವಾಗಿ ತಿಳಿಯಿತು. ಹದಿಮೂರು ವರ್ಷದ ಶನಿವಾರಗಳ ವಾಸನೆ.

ಅವಳು ದಾರ ಬಿಚ್ಚಿದಳು. ತಟ್ಟು ಸರಿಸಿದಳು. ಅದು ಅವಳದೇ ದೊಡ್ಡ ಉಪ್ಪಿನಕಾಯಿ ಭರಣಿ, ಬೇಸಿಗೆಯ ಮಾವಿನಕಾಯಿಗೆಂದು ತೊಳೆದು ಕವುಚಿ ಇಟ್ಟದ್ದು. ಅದರ ತುಂಬ ಕೆಸರು ಬಣ್ಣದ ನೀರು, ಮೇಲೆ ತೆಳ್ಳಗೆ ನೊರೆ. ಪಕ್ಕದಲ್ಲಿ ಎಂಟು ಗೋಲಿಸೋಡಾ ಶೀಶೆಗಳನ್ನು ತೊಳೆದು ಸಾಲಾಗಿ ನಿಲ್ಲಿಸಿತ್ತು. ಅವಳು ಅಲ್ಲಿಯೇ ಕುಳಿತು ಅತ್ತಳು, ಆಮೇಲೆ ಸಿಟ್ಟು ಬಂತು. ಭರಣಿಯನ್ನು ಉರುಳಿಸಿಬಿಡಬೇಕೆಂದು ಎರಡು ಸಲ ಕೈ ಹಚ್ಚಿ ಬಿಟ್ಟಳು. ಕೊನೆಗೆ ಇದ್ದ ಹಾಗೆಯೇ ಬಟ್ಟೆ ಕಟ್ಟಿ ಇಳಿದು ಬಂದಳು. ಸುಣ್ಣದ ಕಡ್ಡಿ ಎತ್ತಿಕೊಂಡು ಬಾಗಿಲ ಹಿಂದೆ ಹತ್ತನೆಯ ಗೆರೆಯನ್ನು ತಾನೇ ಎಳೆದಳು.

ಸಂಜೆ ವೆಂಕಣ್ಣನವರು ಬಂದು ನೆಟ್ಟಗೆ ಕಟ್ಟಿಗೆ ಕೋಣೆಗೆ ಹೋದರು. ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದಳು.

“ಹತ್ತ ಆದೂವಲ್ಲ,” ಎಂದಳು. “ನಾಳಿ ಸೂತಕಾ ಕಳೀಬೇಕು.”

“ಯಾರ ಸೂತಕಾ?”

“ಅದನ್ನ ನೀವ ಹೇಳಬೇಕು. ಎರಡ ಸೇರ ಜವಿಗೋಧಿ ತಂದವರು ನೀವು. ಒದ್ದಿ ಪಂಜಾ ಉಟ್ಟು ಕುದಿಸಿದವರು ನೀವು. ದೇವರ ಪೂಜಾ ಬಿಟ್ಟವರು ನೀವು.”

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಾವಿಯ ಕಟ್ಟೆ ಹಿಡಿದುಕೊಂಡು ಕುಳಿತರು. ಪೂಜೆಯ ಮಾತನ್ನೇ ಮೊದಲು ಎತ್ತಿದರು. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಂಡು ದೇವರನ್ನು ಹೇಗೆ ಮುಟ್ಟುವುದು, ಕೈ ಏಳಲಿಲ್ಲ ಎಂದರು. ಉಳಿದದ್ದು ಒಂದೊಂದಾಗಿ ಬಂತು. ಬೀರು ಸಿಗುತ್ತಿರಲಿಲ್ಲ, ಅದು ಖರೆ. ಆದರೆ ಸಿಕ್ಕ ಶನಿವಾರವೂ ಸಾಹೇಬ ಪಕ್ಕದಲ್ಲಿ ಬಂದು ಕುಳಿತು ತಮ್ಮನ ಸುದ್ದಿ ಏನೆಂದು ಕೇಳುತ್ತಿದ್ದ. ಅಕ್ಕರೆಯಿಂದ ಕೇಳುತ್ತಾನೋ, ಯಾರಿಗಾದರೂ ಮುಟ್ಟಿಸಲು ಕೇಳುತ್ತಾನೋ ತಿಳಿಯದೆ ಅವರು ಹೋಗುವುದನ್ನೇ ಬಿಟ್ಟರು. ನಿವೃತ್ತನಾದ ಒಬ್ಬ ಗೋರಾ ಡ್ರೈವರ್ ನಾತಾಳಕ್ಕೆ, ಕ್ರಿಸ್‌ಮಸ್ ಹಬ್ಬಕ್ಕೆ, ಮನೆಯಲ್ಲಿಯೇ ಬೀರು ಮಾಡುತ್ತಿದ್ದ. ಜವೆಗೋಧಿ ಮೊಳಕೆ ಬರಿಸಿ ಒಣಗಿಸುವುದನ್ನು ಅವನ ಬಾಯಿಂದ ಕೇಳಿಕೊಂಡಿದ್ದರು. ಆ ಬುಧವಾರ ರೇಲ್ವೆ ಕ್ವಾರ್ಟರ್ಸಿಗೆ, ಕೆಸರು ತುಳಿಯುತ್ತ, ಅವನ ಮನೆಗೆ ಹೋಗಿ ಉಳಿದದ್ದನ್ನು ಬರೆದುಕೊಂಡು ಬಂದಿದ್ದರು. ಅವನ ಮನೆಯಲ್ಲಿ ಕುಳಿತು ಬಂದದ್ದಕ್ಕೆ ಸ್ನಾನ. ನೆಲಬೇವು ಕಹಿಗೆ; ಕಾಸಿಮಸಾಬನ ತಂಬಿಗೆಯಲ್ಲಿ ಇದ್ದದ್ದು ಪಾವಿನ ಹಿಟ್ಟು ಉಬ್ಬಿಸುವ ಹುಳಿ, ಬೀರಿಗೂ ಅದೇ ಬೇಕು. ಬಹಳ ಸ್ವಚ್ಛ ಇರಬೇಕು, ಇಲ್ಲದಿದ್ದರೆ ಕೆಡುತ್ತದೆಂದು ಡ್ರೈವರ್ ಮೂರು ಮೂರು ಸಲ ಹೇಳಿದ್ದ. ವೆಂಕಣ್ಣನವರಿಗೆ ಗೊತ್ತಿದ್ದ ಸ್ವಚ್ಛತೆ ಒಂದೇ, ಮಡಿ.

“ಪಂಡೂನ ಸುದ್ದಿ ಬಂದಿದ್ರ ನಿನಗ ಹೇಳದ ಇರತಿದ್ನೇನು ಮಂದಾ?”

“ಇದನ್ನ ಹೇಳಲಿಲ್ಲಲ್ಲ.”

ಅವರು ಅವಳ ಕಡೆ ನೋಡದೆ ಹೇಳಿದರು.

“ಹತ್ತ ದಿನಕ್ಕ ಆಗ್ತದ ಅಂತ ಅಂವಾ ಬರಸಿದ್ದಾ. ಮೂರ ತಿಂಗಳಾತು, ಯಾವದೂ ಯಾವಾಗ ಆಗ್ತದ ಅಂತ ಗೊತ್ತಿಲ್ಲ. ಇಂಥಾ ದಿನಾ ಇದು ಆಗ್ತದ ಅನ್ನೂವಂಥಾದ್ದು ಒಂದರೆ ಇರಲಿ ಅಂತ ಮಾಡಿದೆ.”

ಅವಳು ಎದ್ದು ಒಳಗೆ ಹೋಗಿ ತಾನೇ ದೇವರಿಗೆ ದೀಪ ಹಚ್ಚಿದಳು.

ಸೋಮವಾರ ಅವರು ಕಚೇರಿಗೆ ಹೋದ ಮೇಲೆ ಹಿತ್ತಲ ಬಾಗಿಲು ಬಡಿದ ಸಪ್ಪಳ ಕೇಳಿತು. ಬಾಯಾರ, ಬಾಯಾರ. ಈ ಸಲ ಮಂದಾಕಿನಿ ಅಗಳಿ ಹಾಕಿಕೊಳ್ಳಲಿಲ್ಲ. ಹುಳಿಯ ತಂಬಿಗೆ ತಿರುಗಿ ಒಯ್ಯಲು ಬಂದಿರಬೇಕೆಂದು ಬಾಗಿಲು ತೆರೆದಳು. ಕಾಸಿಮಸಾಬ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಿಂದೆ ಮುಂದೆ ನೋಡಿದ.

“ಬಾಗಲಾ ಬಡದು ಬಡದು ನನ್ನ ಕೈ ನೋಯಾಕತ್ತಾವ್ರಿ ಬಾಯಾರ. ಮನ್ಯಾಗ ಇದ್ದು ಇಲ್ಲಂತೀರಿ. ಸಣ್ಣ ರಾಯರು ಹೆಬ್ಬಳ್ಯಾಗ ಅದಾರ.”

ಜ್ವರ ಬಂದಿತ್ತು, ಈಗ ಇಳಿದಿದೆ, ಒಬ್ಬ ಒಕ್ಕಲಿಗರ ಮನೆಯ, ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಹತ್ತಿರದ ಕೋಣೆಯಲ್ಲಿ ಮಲಗುತ್ತಾರೆ, ತಾನು ಪಾವು ಕೊಟ್ಟು ಬರುತ್ತೇನೆ ಎಂದು ಅವನು ಹೇಳಿದ. ಅವನ ಮುಖವನ್ನು ಅವಳು ಹಾಲಿನವನ ಮುಖ ನೋಡಿದಂತೆ ನೋಡಿದಳು. ದುರಗಪ್ಪನ ಕಡೆಯವರು ಇವನನ್ನು ಕಳಿಸಿರಬಹುದು, ಬಾಯಿ ಬಿಡಿಸಲು.

“ನೀ ಹೇಳೂದು ಖರೇ ಅಂತ ಏನ ಗುರುತು?”

“ಗುರುತು ನಂಗೇನ ಗೊತ್ರಿ? ಮೆಂತೆಹಿಟ್ಟು ಕಳಸ್ರಿ ಅಂದಾರ. ಹ್ವಾದ ಸಲಾ ಉಪ್ಪ ಕಡಿಮಿ ಆಗಿತ್ತಂತ, ಈ ಸಲಾ ನೋಡಿ ಹಾಕ್ರಿ ಅಂದಾರ.”

ಆ ಮಾತು ಮೂರು ತಿಂಗಳ ಹಿಂದೆ ಅಡಿಗೆ ಮನೆಯಲ್ಲಿ ಇಬ್ಬರ ನಡುವೆ ಆದದ್ದು. ಅವಳು ಕೆಳಗೆ ಕುಳಿತುಬಿಟ್ಟಳು. ಮೊದಲ ದಿನವೇ ರಾಯರ ಮುಂದೆ ಏಕೆ ಹೇಳಲಿಲ್ಲವೆಂದು ಕೇಳಿದಾಗ ಕಾಸಿಮಸಾಬ ಸೈಕಲ್ಲಿನ ಗಂಟೆಯನ್ನು ತಿರುವುತ್ತ ನಿಂತ. ಅಂದು ವೈನಿಯವರನ್ನು ಕರೆಯಿರೆಂದು ತಾನು ಹೇಳಹೊರಟಿದ್ದೆ, ರಾಯರು ಸುಮ್ಮನಿರಿಸಿದರು ಎಂದ. ಆಮೇಲೆ ನಿಜ ಹೇಳಿದ.

“ದೊಡ್ಡ ರಾಯರಿಗೆ ಹೇಳಬ್ಯಾಡ ಅಂದಾರ್ರಿ. ಅಣ್ಣ ಸಾಹೇಬರ ಸಂಗಾಟ ಕುಂತು ಕುಡಿತಾನ, ಯಾವಾಗರೆ ಬಾಯಿ ಬಿಟ್ಟಾನು, ವೈನಿಗಷ್ಟ ಹೇಳು ಅಂದಾರ.”

ಅಂದೇ ಮಧ್ಯಾಹ್ನ ಅವಳು ಮೆಂತೆಹಿಟ್ಟು ಹುರಿದು ಬೀಸಿ, ಉಪ್ಪನ್ನು ಎರಡು ಸಲ ನೋಡಿ ಹಾಕಿ, ಡಬ್ಬಿ ತುಂಬಿ ಕೊಟ್ಟಳು. ಗಂಡನಿಗೆ ಹೇಳಲಿಲ್ಲ. ಅವರು ಬೀರನ್ನು ಗೋಲಿ ಶೀಶೆಗಳಿಗೆ ತುಂಬಿ ಮತ್ತೆ ಗೆರೆ ಎಳೆಯತೊಡಗಿದರು. ಇನ್ನೂ ಒಂದು ವಾರ ಕಾಯಬೇಕಂತೆ. ಆ ಒಂದು ವಾರ ಅವಳು ಅವರನ್ನು ನೋಡುತ್ತ ಇದ್ದಳು. ಊಟಕ್ಕೆ ಕುಳಿತಾಗ ನೋಡಿದಳು, ರಸ್ತೆಯಲ್ಲಿ ಯಾರಾದರೂ ಖಾದಿಯವರು ಹೋದರೆ ಅವರು ಕತ್ತೆತ್ತುವುದನ್ನು ನೋಡಿದಳು, ಸಾಹೇಬನ ಹೆಸರು ಬಂದಾಗ ಮುಖ ಏನಾಗುತ್ತದೆಂದು ನೋಡಿದಳು. ಪಂಡು ಹೇಳಿದ್ದು ಖರೆ ಇದ್ದರೆ? ಒಂದು ಮಾತು ಬಾಯಿಂದ ಬಿದ್ದರೆ ಹೆಬ್ಬಳ್ಳಿಗೆ ಪೋಲೀಸರು ಹೋಗುತ್ತಾರೆ. ಹೇಳದೆ ಇದ್ದರೆ ಈ ಮನುಷ್ಯ ದಿನವೂ ಹೀಗೆಯೇ ಕತ್ತೆತ್ತಿ ನೋಡುತ್ತಾನೆ.

ಶನಿವಾರ ಬಿಸಿಲು ಇಳಿಯುವ ಮೊದಲೇ ವೆಂಕಣ್ಣನವರು ಒಂದು ಶೀಶೆ, ಒಂದು ಗಾಜಿನ ಲೋಟ ಹಿಡಿದುಕೊಂಡು ಬಾವಿಯ ಹತ್ತಿರ ಕುಳಿತರು. ಮಂದಾಕಿನಿ ಬಂದು ಎದುರಿನ ಕಟ್ಟೆಯ ಮೇಲೆ ಕುಳಿತಳು. ಹದಿಮೂರು ವರ್ಷದಲ್ಲಿ ಅವರು ಅದನ್ನು ಕುಡಿಯುವುದನ್ನು ಅವಳು ನೋಡಿರಲಿಲ್ಲ. ಅವರು ಹೆಬ್ಬೆರಳಿನಿಂದ ಗೋಲಿ ಒತ್ತಿದರು. ಪುಸ್ ಎಂದಿತು. ಲೋಟಕ್ಕೆ ಸುರುವಿ ಬೆಳಕಿಗೆ ಹಿಡಿದರು. ನೊರೆ ಏಳಲಿಲ್ಲ, ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲಿದವು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಕುಳಿತರು.

“ಹ್ಯಾಂಗ ಅದ?”

“ಇಂಗು ಸ್ವಲ್ಪ ಮುಂದಾಗ್ಯದ.”

ಮನೆಯಲ್ಲಿ ಎಲ್ಲಕ್ಕಿಂತ ಮಡಿಯ ಪಾತ್ರೆ ಯಾವುದೆಂದು ಹುಡುಕಿ ಅವರು ಆ ಭರಣಿ ಆರಿಸಿದ್ದರು. ಅತ್ತೆಯ ಕಾಲದಿಂದ ಮೂವತ್ತು ವರ್ಷ ಯಾರ ಮೈಲಿಗೆಯ ಕೈಯೂ ಅದಕ್ಕೆ ತಾಗಿರಲಿಲ್ಲ, ಮತ್ತು ಮೂವತ್ತು ವರ್ಷ ಅದರಲ್ಲಿ ಇಂಗು, ಸಾಸಿವೆ, ಎಣ್ಣೆ ಹೀರಿಕೊಂಡು ಕುಳಿತಿದ್ದವು. ಆಗಸ್ಟಿನ ನಂತರ ಮೊದಲ ಸಲ ಮಂದಾಕಿನಿ ನಕ್ಕಳು. ಅವರೂ ನಕ್ಕರು. ನಗುತ್ತಲೇ ಇನ್ನೊಂದು ಗುಟುಕು ಕುಡಿದರು, ಮುಖ ಕಿವುಚಿದರು, ಆದರೆ ಲೋಟ ಕೆಳಗಿಡಲಿಲ್ಲ. ಆಗ ಅವಳು ಹೇಳಿದಳು.

“ಹೆಬ್ಬಳ್ಳಿಗೆ ಮೆಂತೆಹಿಟ್ಟು ಹೋಗ್ಯದ.”

ಲೋಟ ಅವರ ಕೈಯಲ್ಲಿಯೇ ನಿಂತಿತು. ಅವಳು ಎಲ್ಲ ಹೇಳಿದಳು. ಜ್ವರ, ಹಗೇವಿನ ಕೋಣೆ, ಉಪ್ಪು. ಅಣ್ಣನಿಗೆ ಹೇಳಬೇಡ ಎಂದದ್ದನ್ನೂ ಏಕೆ ಎಂದದ್ದನ್ನೂ ಮುಚ್ಚಿಡದೆ ಹೇಳಿದಳು. ವೆಂಕಣ್ಣನವರು ಲೋಟದೊಳಗೆ ನೋಡುತ್ತ ಕೇಳಿದರು.

“ಮತ್ತ ನೀ ಯಾಕ ಹೇಳಿದಿ?”

“ಹತ್ತ ದಿನಾ ಸಾಕಾಗ್ಯದ ನನಗ,” ಎಂದಳು ಮಂದಾಕಿನಿ.

ಅವರು ಉಳಿದದ್ದನ್ನು ಕುಡಿದು ಮುಗಿಸಿದರು, ಬಾವಿಯ ನೀರು ತಲೆಯ ಮೇಲೆ ಸುರುವಿಕೊಂಡರು, ಒಳಗೆ ಬಂದರು. ಗೂಟಕ್ಕೆ ಹಾಕಿದ್ದ ಉಣ್ಣೆಯ ಕೋಟನ್ನು ಇಳಿಸಿದರು. ಚಳಿಗಾಲಕ್ಕೆ ರೇಲ್ವೆಯವರು ಕೊಟ್ಟದ್ದು. ಹಿತ್ತಾಳೆ ಗುಂಡಿಗಳ ಮೇಲೆ ರೇಲ್ವೆಯ ಅಕ್ಷರಗಳಿದ್ದವು. ಚಾಕುವಿನಿಂದ ಒಂದೊಂದೇ ಗುಂಡಿ ಕಿತ್ತು ನೆಲದ ಮೇಲೆ ಇಟ್ಟರು. ಹೆಬ್ಬಳ್ಳಿಯಲ್ಲಿ ಚಳಿ ಹೆಚ್ಚು ಎಂದರು. ಅವಳು ಸೂಜಿ ದಾರ ತಂದು, ಹಳೆಯ ಅಂಗಿಯ ಗುಂಡಿಗಳನ್ನು ಅದಕ್ಕೆ ಹಚ್ಚಿದಳು. ಸೋಮವಾರ ಕೋಟು ಪಾವಿನ ಬುಟ್ಟಿಯ ತಳದಲ್ಲಿ ಹೋಯಿತು. ಕಚೇರಿಯಲ್ಲಿ ಕೇಳಿದವರಿಗೆ, ಕಳವಾಯಿತು ಎಂದು ಅವರು ಹೇಳಿದರು. ಅದು ಅವರ ಬಾಯಿಂದ ಬಂದ ಮೊದಲನೆಯ ಪೂರ್ತಿ ಸುಳ್ಳು, ಮತ್ತು ಎಲ್ಲರೂ ಅದನ್ನು ನಂಬಿದರು. ಭರಣಿಯನ್ನು ಮತ್ತೆ ಉಪ್ಪಿನಕಾಯಿಗೆ ಬಳಸುವಂತಿರಲಿಲ್ಲ. ಅವರು ಅದನ್ನು ಬೇರೆ ಯಾವುದಕ್ಕೂ ಬಳಸಲಿಲ್ಲ, ಬಿಸಾಡಲೂ ಇಲ್ಲ.

ಮುಂದಿನ ಚಳಿಗಾಲಕ್ಕೆ ಪಂಢರಿನಾಥ ಸಿಕ್ಕುಬಿದ್ದ, ಒಂದು ವರ್ಷ ಜೈಲಿನಲ್ಲಿದ್ದ, ಅದೇ ಕೋಟು ತೊಟ್ಟು ತಿರುಗಿ ಬಂದ. ಅವನನ್ನು ತೋರಿಸಿಕೊಟ್ಟವರು ಯಾರೆಂಬುದು ಇಂದಿಗೂ ಗೊತ್ತಿಲ್ಲ. ಅಣ್ಣನಲ್ಲ ಎಂಬುದನ್ನು ಮಾತ್ರ ಅವನು ಯಾರ ಮುಂದೆಯೂ ಹೇಳಬಲ್ಲ.

ಈ ಪುಷ್ಯದಲ್ಲಿ ಮಂದಾಕಿನಿಗೆ ವಿಷಮಜ್ವರ ಬಂತು. ಡಾಕ್ಟರರು ನಾಳೆ ಇಳಿಯುತ್ತದೆಂದು ಹೇಳಿದಾಗ, ನಿಮಗೆ ಹೇಗೆ ಗೊತ್ತು ಎಂದು ಅವರನ್ನೇ ಕೇಳಿದಳು. ಮೂವತ್ತೊಂಬತ್ತು ವರ್ಷ ಅವಳಿಗೆ. ಮೊನ್ನೆ ಅವಳ ಕುಂಕುಮದ ಪೆಟ್ಟಿಗೆ ತೆಗೆದಾಗ ಕನ್ನಡಿಯ ಕೆಳಗಿನ ಖಾನೆಯಲ್ಲಿ ಹಿತ್ತಾಳೆ ಗುಂಡಿಗಳು ಸಿಕ್ಕವು. ಐದೇ ಇದ್ದವು. ಅವಳು ಹೇಳುವಾಗ ಯಾವಾಗಲೂ ಆರು ಎನ್ನುತ್ತಿದ್ದಳು. ಆರನೆಯದು ಎಲ್ಲಿ ಹೋಯಿತೆಂದು ಮಂದಾಕಿನಿಯನ್ನೇ ಕೇಳಲು ತಾರಾಬಾಯಿ ಅಡಿಗೆ ಮನೆಯ ಕಡೆ ತಿರುಗಿದಳು. ಆಮೇಲೆ ಪೆಟ್ಟಿಗೆಯನ್ನು ಮುಚ್ಚಿದಳು.